ಚಿತ್ರದ ಕೆಳಗಿನ ಅಂಚು: ರವಿವರ್ಮರ ಮನೆತನ ಮತ್ತು ಆನ್‌ಲೈನ್ ಗ್ಯಾಲರಿ

ಫೋನಿನಲ್ಲಿ ‘ರವಿವರ್ಮ’ ಅಂತ ಹುಡುಕಿದರೆ ಪರದೆ ತುಂಬ ಚಿತ್ರಗಳು ಬರುತ್ತವೆ. ತಾವರೆ ಮೇಲೆ ನಿಂತ ಲಕ್ಷ್ಮಿ, ವೀಣೆ ಹಿಡಿದ ಸರಸ್ವತಿ, ಮುಳ್ಳು ತೆಗೆಯುವ ನೆಪದಲ್ಲಿ ಹಿಂದಿರುಗಿ ನೋಡುವ ಶಕುಂತಲೆ, ಹಂಸದ ಮಾತು ಕೇಳುತ್ತಾ ನಿಂತ ದಮಯಂತಿ. ಎಲ್ಲದಕ್ಕೂ ಒಂದೇ ಹೆಸರು. ಆ ಹೆಸರಿನ ಹಿಂದೆ ಒಂದು ಇಡೀ ಮನೆತನ ಇದೆ. ಕುಂಚ ಹಿಡಿಯಲು ಕಲಿಸಿದ ಸೋದರಮಾವ, ಪಕ್ಕದಲ್ಲೇ ಕೂತು ಬರೆದ ತಮ್ಮ, ಊರಲ್ಲೇ ಉಳಿದು ಬರೆದ ತಂಗಿ, ಕಲಾಶಾಲೆ ಕಟ್ಟಿದ ಮಗ, ಕಡೆಗೆ ನಮ್ಮ ಬೆಂಗಳೂರಿನಲ್ಲಿ ಚಿತ್ರ ಬರೆಯುವ ಪೀಳಿಗೆ.

ಒಂದು ಮನೆಯ ಕಲೆ ಹೊರಗೆ ಹೋಗಿ ಎಲ್ಲರದಾಗುವಾಗ ಏನು ಉಳಿಯುತ್ತೆ, ಏನು ಬಿದ್ದುಹೋಗುತ್ತೆ ಎಂದು ನೋಡಲು ಇದಕ್ಕಿಂತ ಒಳ್ಳೆಯ ಪ್ರಕರಣ ನನಗೆ ಗೊತ್ತಿಲ್ಲ. ಈ ಮನೆತನದ ಚಿತ್ರಗಳು ಎರಡು ಸಲ ಊರಿಗೆಲ್ಲ ಹಂಚಿಹೋಗಿವೆ. ಮೊದಲ ಸಲ ಕಲ್ಲಚ್ಚಿನ ಮೂಲಕ, 1894ರಿಂದ. ಎರಡನೇ ಸಲ ಇಂಟರ್ನೆಟ್ ಮೂಲಕ, ನಮ್ಮ ಕಣ್ಣೆದುರೇ. ಮೊದಲ ಸಲ ಬರೆದಿಡದೆ ಬಿಟ್ಟ ಸಂಗತಿಗಳು ಎರಡನೇ ಸಲಕ್ಕೆ ದೊಡ್ಡ ತೊಡಕಾಗಿವೆ. ಅದನ್ನೇ ಇಲ್ಲಿ ಬಿಡಿಸಿ ಹೇಳಬೇಕು.

ಮನೆ

ತಿರುವಾಂಕೂರು ಸೀಮೆಯ ಕಿಳಿಮಾನೂರು. ರವಿವರ್ಮರು ಅಲ್ಲಿ ಹುಟ್ಟಿದ್ದು 1848ರ ಏಪ್ರಿಲ್ 29ರಂದು. ತಾಯಿ ಉಮಾಂಬಾಬಾಯಿ ಕವಯಿತ್ರಿ. ಅವರು ಬರೆದ ಪಾರ್ವತೀ ಸ್ವಯಂವರದ ಕಾವ್ಯವನ್ನು ಅವರು ತೀರಿಕೊಂಡ ಮೇಲೆ ಮಗನೇ ಅಚ್ಚು ಹಾಕಿಸಿದರು. ತಂದೆ ಸಂಸ್ಕೃತ ಪಂಡಿತರು. ತಾಯಿಯ ಅಣ್ಣ ರಾಜರಾಜ ವರ್ಮ ತಂಜಾವೂರು ಶೈಲಿಯಲ್ಲಿ ಚಿತ್ರ ಬರೆಯುತ್ತಿದ್ದವರು. ಗೋಡೆ ಮೇಲೆ ಇದ್ದಿಲಲ್ಲಿ ಗೀಚುತ್ತಿದ್ದ ಹುಡುಗನ ಕೈಗುಣ ಕಂಡುಹಿಡಿದು ಪಾಠ ಶುರು ಮಾಡಿದ್ದು ಈ ಮಾವನೇ. ಹುಡುಗನಿಗೆ 14 ವರ್ಷ ಆದಾಗ ತಿರುವನಂತಪುರಕ್ಕೆ ಕರೆದೊಯ್ದು ಮಹಾರಾಜ ಆಯಿಲ್ಯಂ ತಿರುನಾಳ್ ಅವರ ಆಶ್ರಯಕ್ಕೆ ಸೇರಿಸಿದ್ದೂ ಅವರೇ.

ತಮ್ಮ ಸಿ. ರಾಜರಾಜ ವರ್ಮ ಹುಟ್ಟಿದ್ದು 1860ರಲ್ಲಿ. ಅಣ್ಣನಿಗಿಂತ 12 ವರ್ಷ ಚಿಕ್ಕವರು. ತಂಗಿ ಮಂಗಳಾಬಾಯಿ ಇನ್ನೂ ಚಿಕ್ಕವರು. ಇಬ್ಬರೂ ಒಳ್ಳೆಯ ಚಿತ್ರಕಾರರು. ಮೂವರಿಗೂ ಒಂದೇ ಮನೆಯ ಸಂಸ್ಕಾರ, ಒಂದೇ ಬಗೆಯ ತೈಲವರ್ಣದ ಅಭ್ಯಾಸ.

ಇಲ್ಲಿ ಒಂದು ವಿಷಯ ನೆನಪಿಡಬೇಕು. ಅದು ಮರುಮಕ್ಕತ್ತಾಯಂ ನಡೆಯುತ್ತಿದ್ದ ಮನೆ. ನಮ್ಮ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಳಿಯಸಂತಾನದ ಕಟ್ಟು ಅವರಿಗೆ ಗೊತ್ತು. ವಂಶ ಹೆಣ್ಣಿನ ಕಡೆಯಿಂದ ಸಾಗುತ್ತದೆ. ಹೆಣ್ಣುಮಗಳು ತವರಲ್ಲೇ ಇರುತ್ತಾಳೆ, ಮನೆ ಅವಳದು. ಗಂಡಸರ ಮಕ್ಕಳು ಅವರವರ ತಾಯಿಯ ಮನೆಗೆ ಸೇರಿದವರು. ರವಿವರ್ಮರ ಮಕ್ಕಳು ಬೆಳೆದದ್ದೂ ಹಾಗೆಯೇ, ತಾಯಿಯ ಮನೆ ಮಾವೇಲಿಕ್ಕರದಲ್ಲಿ.

ಹೀಗಾಗಿ ಒಂದೇ ಮನೆಯ ಮೂವರ ದಾರಿ ಬೇರೆಬೇರೆ ಆಯಿತು. ಅಣ್ಣತಮ್ಮಂದಿರು ರೈಲು ಹತ್ತಿ ಮದರಾಸು, ಮುಂಬಯಿ, ಬರೋಡಾ, ಮೈಸೂರು, ಉದಯಪುರ ಅಂತ ಸುತ್ತಿದರು. ಅರಸರ ಮುಂದೆ ಕೂತು ಚಿತ್ರ ಬರೆದರು. ಪ್ರದರ್ಶನಗಳಿಗೆ ಕಳಿಸಿದರು, ಪದಕ ತಂದರು. ಮಂಗಳಾಬಾಯಿ ಮನೆತನ ನೋಡಿಕೊಂಡು ಕಿಳಿಮಾನೂರಿನಲ್ಲಿ ಉಳಿದರು. ಅಲ್ಲೇ ಬರೆದರು. ಕೈಗುಣದಲ್ಲಿ ಅವರು ಕಡಿಮೆ ಎಂದು ಹೇಳಲು ಯಾವ ಆಧಾರವೂ ಇಲ್ಲ. ಅವರ ಚಿತ್ರ ನೋಡಿದವರ ಸಂಖ್ಯೆ ಮಾತ್ರ ಕಡಿಮೆ. ಅಣ್ಣನ ಭಾವಚಿತ್ರವನ್ನು ಅವರು ಬರೆದಿದ್ದಾರೆ, ಭಿಕ್ಷೆ ನೀಡುವ ದೃಶ್ಯವೊಂದನ್ನು ಬರೆದಿದ್ದಾರೆ. ತಿರುವನಂತಪುರದ ಶ್ರೀಚಿತ್ರಾ ಆರ್ಟ್ ಗ್ಯಾಲರಿಗೆ ಹೋದವರಿಗೆ ಮಂಗಳಾಬಾಯಿ ಎಂಬ ಹೆಸರು ಹೊಸದಲ್ಲ. ಇಂಟರ್ನೆಟ್ಟಿನಲ್ಲಿ ರವಿವರ್ಮರ ಚಿತ್ರ ದಿನವೂ ಫಾರ್ವರ್ಡ್ ಮಾಡುವವರಿಗೆ ಆ ಹೆಸರೇ ಗೊತ್ತಿಲ್ಲ.

ಒಂದು ಕ್ಯಾನ್ವಾಸು, ಎರಡು ಕೈ

ಸಿ. ರಾಜರಾಜ ವರ್ಮರ ವಿಷಯ ಇನ್ನೂ ಸೂಕ್ಷ್ಮ. ಅವರು ಅಣ್ಣನ ಜೊತೆಗಿದ್ದ ಸಹಾಯಕ ಮಾತ್ರ ಆಗಿರಲಿಲ್ಲ. ಭೂದೃಶ್ಯ ಬರೆಯುವುದರಲ್ಲಿ ಅವರದು ಪಳಗಿದ ಕೈ. ಮರ, ನೀರು, ದೂರದ ಬೆಟ್ಟ, ಸಂಜೆಯ ಬೆಳಕು ಅವರಿಗೆ ಚೆನ್ನಾಗಿ ಒಲಿದಿತ್ತು. ಅಣ್ಣ ಮುಖ, ಮೈ, ಸೀರೆಯ ನೆರಿಗೆ ಬರೆದರೆ ಎಷ್ಟೋ ಚಿತ್ರಗಳಲ್ಲಿ ಹಿನ್ನೆಲೆ ತಮ್ಮನ ಪಾಲಿಗೆ ಬರುತ್ತಿತ್ತು. ತಮ್ಮದೇ ಹೆಸರಿನಲ್ಲಿ ಅವರು ಪ್ರದರ್ಶನಗಳಿಗೂ ಕಳಿಸುತ್ತಿದ್ದರು.

ಇದು ನಮಗೆ ಗೊತ್ತಾಗಿರುವುದು ಹೇಗೆ? ಅವರು ದಿನಚರಿ ಬರೆಯುತ್ತಿದ್ದರು, ಅದೂ ಇಂಗ್ಲಿಷಿನಲ್ಲಿ. 1895ರಿಂದ 1904ರವರೆಗಿನ ಆ ಬರಹ ಈಗ ಪುಸ್ತಕವಾಗಿ ಸಿಗುತ್ತದೆ. ಯಾವ ಊರಿನಲ್ಲಿದ್ದರು, ಯಾರನ್ನು ಕೂರಿಸಿಕೊಂಡು ಬರೆದರು, ಯಾವ ಕೆಲಸ ಎಲ್ಲಿಗೆ ಬಂತು, ಎಲ್ಲವೂ ಅದರಲ್ಲಿದೆ. ‘ನಾನು’ ಎನ್ನುವುದಕ್ಕಿಂತ ‘ನಾವು’ ಎನ್ನುವ ಕೆಲಸವೇ ಅಲ್ಲಿ ಜಾಸ್ತಿ. ಭಾರತದ ಆ ಕಾಲದ ಚಿತ್ರಕಾರರ ಬಗ್ಗೆ ಇಷ್ಟು ಹತ್ತಿರದಿಂದ ಬರೆದ ದಾಖಲೆ ಸಿಗುವುದು ತುಂಬಾ ಅಪರೂಪ. ಅದನ್ನು ಬರೆದವರೇ ಹಿನ್ನೆಲೆಗೆ ಸರಿದುಹೋದರು ಅನ್ನುವುದು ನನಗೆ ನಿಜಕ್ಕೂ ಸಂಕಟದ ವಿಷಯ. 1905ರ ಜನವರಿಯಲ್ಲಿ ಅವರು ತೀರಿಕೊಂಡರು. ಅಣ್ಣ ಹೋದದ್ದು ಮರುವರ್ಷ, 1906ರ ಅಕ್ಟೋಬರ್ 2ರಂದು.

ಕೆಲಸವನ್ನು ಹೀಗೆ ಹಂಚಿಕೊಳ್ಳುವುದು ಹಳೆಯ ಕಲಾಮನೆಗಳಲ್ಲಿ ಹೊಸದೇನಲ್ಲ. ಒಬ್ಬರು ಬಣ್ಣ ಅರೆಯುತ್ತಾರೆ, ಒಬ್ಬರು ತಳ ಹದ ಮಾಡುತ್ತಾರೆ, ಒಬ್ಬರು ಗೆರೆ ಎಳೆಯುತ್ತಾರೆ, ಕಣ್ಣು ಬಿಡಿಸುವುದು ಮನೆಯ ಹಿರಿಯರ ಕೆಲಸ. ಮನೆಯೊಳಗೆ ಇದರಿಂದ ಯಾರಿಗೂ ತೊಂದರೆ ಇಲ್ಲ, ಯಾರದು ಎಷ್ಟು ಅಂತ ಎಲ್ಲರಿಗೂ ಗೊತ್ತಿರುತ್ತದೆ. ಚಿತ್ರ ಮನೆಯ ಹೊಸ್ತಿಲು ದಾಟಿದ ಮೇಲೆ ತಿಳಿದವರು ಜೊತೆಗೆ ಹೋಗುವುದಿಲ್ಲ. ಚಿತ್ರದ ಮೇಲೆ ಏನು ಬರೆದಿದೆಯೋ ಅಷ್ಟೇ ಹೋಗುವುದು.

ಮೊದಲ ಹಂಚಿಕೆ

1873ರಲ್ಲಿ ವಿಯೆನ್ನಾದಲ್ಲಿ ಬಹುಮಾನ, 1893ರಲ್ಲಿ ಷಿಕಾಗೋದಲ್ಲಿ ಪದಕ. ಇಷ್ಟಾದರೂ ಚಿತ್ರಗಳು ಇದ್ದದ್ದು ಅರಮನೆಗಳ ಒಳಗೆ. ಬರೋಡಾದ ಸಯಾಜಿರಾವ್ ಗಾಯಕವಾಡರು ಹೇಳಿ ಬರೆಸಿದ 14 ಪೌರಾಣಿಕ ಚಿತ್ರಗಳನ್ನು ಅರಮನೆಗೆ ಒಪ್ಪಿಸುವ ಮೊದಲು ಮುಂಬಯಿಯಲ್ಲಿ ಸಾರ್ವಜನಿಕರಿಗೆ ತೋರಿಸಿದರು. ಜನ ಕಿಕ್ಕಿರಿದು ಬಂದರು. ಆ ಗುಂಪಿನಲ್ಲಿ ಇದ್ದವರಿಗೆ ಅರಮನೆಯೊಳಗೆ ಪ್ರವೇಶ ಇರಲಿಲ್ಲ, ಎಷ್ಟೋ ಜನರಿಗೆ ದೇವಸ್ಥಾನದೊಳಗೂ ಇರಲಿಲ್ಲ. ದೇವರ ಮುಖವನ್ನು ಇಷ್ಟು ಹತ್ತಿರದಿಂದ, ಮನುಷ್ಯರ ಹಾಗೆ ರಕ್ತಮಾಂಸ ತುಂಬಿಕೊಂಡಂತೆ ಅವರು ನೋಡಿದ್ದು ಅದೇ ಮೊದಲು ಇರಬೇಕು.

ಅದಕ್ಕೂ ಮೊದಲೇ, 1884ರಲ್ಲಿ, ಹಿಂದೆ ತಿರುವಾಂಕೂರು, ಬರೋಡಾಗಳ ದಿವಾನರಾಗಿದ್ದ ಟಿ. ಮಾಧವರಾವ್ ರವಿವರ್ಮರಿಗೆ ಒಂದು ಸಲಹೆ ಕೊಟ್ಟಿದ್ದರು. ನಿಮ್ಮ ಚಿತ್ರಗಳಿಗೆ ಬೇಡಿಕೆ ತುಂಬಾ ಇದೆ, ಒಬ್ಬರ ಎರಡು ಕೈಯಿಂದ ಅಷ್ಟನ್ನು ಪೂರೈಸಲು ಆಗುವುದಿಲ್ಲ, ಕೆಲವನ್ನು ಯುರೋಪಿಗೆ ಕಳಿಸಿ ಓಲಿಯೋಗ್ರಾಫ್ (ತೈಲಚಿತ್ರದಂತೆ ಕಾಣುವ ಬಣ್ಣದ ಕಲ್ಲಚ್ಚು) ಮಾಡಿಸಿ ಅನ್ನುವ ಅರ್ಥದ ಸಲಹೆ. ಅಣ್ಣತಮ್ಮಂದಿರು ಯುರೋಪಿಗೆ ಕಳಿಸುವುದರ ಬದಲು ಯಂತ್ರವನ್ನೇ ಇಲ್ಲಿಗೆ ತರಿಸಿದರು. 1894ರಲ್ಲಿ ಮುಂಬಯಿಯಲ್ಲಿ ಪ್ರೆಸ್ ಶುರುವಾಯಿತು. ಜರ್ಮನ್ ಯಂತ್ರ, ಜರ್ಮನ್ ಕೆಲಸಗಾರರು. ಮೊದಲು ಅಚ್ಚಾದದ್ದು ಶಕುಂತಲೆಯ ಜನನದ ಚಿತ್ರ. ಮೇನಕೆ ಮಗುವನ್ನು ಮುಂದೆ ಹಿಡಿದಿದ್ದಾಳೆ, ವಿಶ್ವಾಮಿತ್ರ ಕೈ ಅಡ್ಡ ಹಿಡಿದು ಮುಖ ತಿರುಗಿಸಿದ್ದಾನೆ.

ಕೆಲಸ ನಡೆಯುತ್ತಿದ್ದ ಬಗೆ ಇದು. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಮೂಲ ಚಿತ್ರ ನೋಡಿಕೊಂಡು ಯಾವ ಜಾಗಕ್ಕೆ ಯಾವ ಬಣ್ಣ ಎಷ್ಟು ಬೀಳಬೇಕು ಅಂತ ಕಲ್ಲಿನ ಮೇಲೆ ಚುಕ್ಕೆ ಚುಕ್ಕೆಯಾಗಿ ಬಿಡಿಸಬೇಕು. ಅದೇ ಕಾಗದ ಒಂದಾದ ಮೇಲೆ ಒಂದರಂತೆ ಅಷ್ಟೂ ಕಲ್ಲಿನ ಮೇಲೆ ಹಾಯಬೇಕು. ಕೂದಲೆಳೆಯಷ್ಟು ಸರಿದರೂ ದೇವಿಯ ತುಟಿ ಕೆನ್ನೆಗೆ ಬಂದಿರುತ್ತದೆ. ಕೊನೆಗೆ ವಾರ್ನಿಷ್ ಬಳಿದು, ಕ್ಯಾನ್ವಾಸಿನ ನೇಯ್ಗೆ ಕಾಣುವ ಹಾಗೆ ಒತ್ತಿದರೆ ತೈಲಚಿತ್ರದ ಕಳೆ ಬರುತ್ತದೆ. ಕಲ್ಲಿನ ಮೇಲೆ ಚಿತ್ರ ಇಳಿಸಿದ ಆ ಕೆಲಸಗಾರರೂ ಕಲಾವಿದರೇ. ಅವರ ಹೆಸರುಗಳಂತೂ ಪೂರ್ತಿ ಮರೆಯಾಗಿವೆ.

ಜನ ಇದನ್ನು ಬರಮಾಡಿಕೊಂಡ ರೀತಿ ನೋಡಿ. ಹೆಂಗಸರು ಈ ಪಟಗಳ ಮೇಲೆ ಜರಿ ಬಟ್ಟೆ ಅಂಟಿಸಿ ಸೀರೆ ಉಡಿಸಿದರು, ಚಮಕಿ ಹಾಕಿ ಒಡವೆ ತೊಡಿಸಿದರು. ಹಾಗೆ ಸಿಂಗರಿಸಿದ ಪಟಗಳು ಹಳೆಯ ಮನೆಗಳ ದೇವರ ಕೋಣೆಯಲ್ಲಿ ಈಗಲೂ ಸಿಗುತ್ತವೆ. ನನ್ನ ಮಟ್ಟಿಗೆ ಅವು ಮೂಲ ತೈಲಚಿತ್ರದಷ್ಟೇ ಬೆಲೆಬಾಳುವ ವಸ್ತುಗಳು, ಯಾಕೆಂದರೆ ನೋಡುವವರ ಕೈಯೂ ಅದರಲ್ಲಿ ಸೇರಿದೆ.

ಪ್ರೆಸ್ಸಿನ ಆಡಳಿತ ತಮ್ಮನ ಹೆಗಲಿಗೆ ಬಿದ್ದಿತ್ತು. ಮುಂಬಯಿಗೆ ಪ್ಲೇಗ್ ಬಂತು, ಸಾಲ ಬೆಳೆಯಿತು, ಪ್ರೆಸ್ ಲೋಣಾವಳದ ಹತ್ತಿರದ ಮಳವಲಿಗೆ ಹೋಯಿತು. ಅಲ್ಲೂ ಏಳಿಗೆ ಆಗಲಿಲ್ಲ. 1901ರಲ್ಲಿ ಅದನ್ನು ಅಲ್ಲೇ ಕೆಲಸಕ್ಕಿದ್ದ ಜರ್ಮನ್ ತಂತ್ರಜ್ಞ ಫ್ರಿಟ್ಜ್ ಶ್ಲೈಖರ್ ಅವರಿಗೆ ಮಾರಿದರು.

ಅಂಚು

ನನ್ನ ಪ್ರಕಾರ ಇಡೀ ಪ್ರಕರಣದ ಗಂಟು ಇರುವುದು ಈ ಮಾರಾಟದಲ್ಲೇ. ಪ್ರೆಸ್ ಕೈಬದಲಾದರೂ ಹೆಸರು ಬದಲಾಗಲಿಲ್ಲ. ರವಿವರ್ಮ ಪ್ರೆಸ್ ಎಂಬ ಹೆಸರಿನಲ್ಲೇ ಮುದ್ರಣ ಮುಂದುವರಿಯಿತು. ಹಳೆಯ ಚಿತ್ರಗಳು ಮತ್ತೆ ಮತ್ತೆ ಅಚ್ಚಾದವು. ಅವುಗಳ ಜೊತೆಗೆ ಬೇರೆ ಕಲಾವಿದರಿಂದ ಹೊಸ ಚಿತ್ರಗಳನ್ನೂ ಬರೆಸಿದರು. ಕ್ಯಾಲೆಂಡರು, ಜಾಹೀರಾತು, ಲೇಬಲ್ಲು, ಎಲ್ಲ ಬಂತು. 1972ರಲ್ಲಿ ಕಾರ್ಖಾನೆಗೆ ಬೆಂಕಿ ಬಿದ್ದು ಎಲ್ಲ ಸುಟ್ಟುಹೋಗುವವರೆಗೂ ಆ ಹೆಸರು ಬಾಳಿತು. ಅಂದರೆ ರವಿವರ್ಮರು ತೀರಿಕೊಂಡು ಎಷ್ಟೋ ದಶಕ ಆದ ಮೇಲೂ ‘ರವಿವರ್ಮ’ ಅಂತ ಅಚ್ಚಾದ ಹೊಸ ಪಟಗಳು ಮಾರುಕಟ್ಟೆಗೆ ಬರುತ್ತಿದ್ದವು.

ಯಾವುದು ಅವರದು, ಯಾವುದು ಬೇರೆಯವರದು ಅಂತ ತಿಳಿಯುವುದು ಹೇಗೆ? ಮುದ್ರಿತ ಪಟದ ಕೆಳಗೆ ಒಂದು ಸಣ್ಣ ಅಂಚು ಇರುತ್ತದೆ. ಬೆರಳಗಲವೂ ಇಲ್ಲದ ಜಾಗ. ಅದರಲ್ಲಿ ಚಿತ್ರದ ಹೆಸರು, ಪ್ರೆಸ್ಸಿನ ಹೆಸರು, ಊರು ಅಚ್ಚಾಗಿರುತ್ತದೆ. ಮುಂಬಯಿ ಅಂತಿದ್ದರೆ ಒಂದು ಕಾಲ, ಕಾರ್ಲಾ ಲೋಣಾವಳ ಅಂತಿದ್ದರೆ ಮಳವಲಿಗೆ ಹೋದ ಮೇಲಿನ ಕಾಲ. ಪಟದ ಜಾತಕ ಇರುವುದು ಅಲ್ಲಿ.

ಆ ಅಂಚಿನ ಪಾಡು ಏನಾಯಿತು? ಪಟಕ್ಕೆ ಕಟ್ಟು ಹಾಕುವ ಅಂಗಡಿಯಲ್ಲಿ ಗಾಜಿನ ಅಳತೆಗೆ ಸರಿಹೋಗಲಿ ಅಂತ ಅದನ್ನು ಕತ್ತರಿಸಿದರು. ಕತ್ತರಿಸದೆ ಉಳಿದದ್ದು ಚೌಕಟ್ಟಿನ ಕೆಳಗೆ ಮುಚ್ಚಿಹೋಯಿತು. ಇಷ್ಟೆಲ್ಲ ಆಗಿ ಉಳಿದದ್ದನ್ನು ನಾವು ಫೋನಿನಲ್ಲಿ ಫೋಟೋ ತೆಗೆದಾಗ ಕ್ರಾಪ್ ಮಾಡಿದೆವು. ದೇವರ ಮುಖ ಚೆನ್ನಾಗಿ ಕಾಣಬೇಕು, ಸುತ್ತಲಿನ ಕೊಳೆಯಾದ ಬಿಳಿ ಪಟ್ಟಿ ಯಾಕೆ ಬೇಕು ಅಂತ. ಯಾರ ಮೇಲೂ ತಪ್ಪು ಹೊರಿಸುತ್ತಿಲ್ಲ. ಪೂಜೆಗೆ ಅಂಚು ಬೇಕಾಗಿಲ್ಲ ನಿಜ. ಆದರೆ ಪುರಾವೆ ಹೋದದ್ದೂ ಅಷ್ಟೇ ನಿಜ ಅಲ್ವಾ? ಇಂದು ಇಂಟರ್ನೆಟ್ಟಿನಲ್ಲಿ ‘ರವಿವರ್ಮರ ಚಿತ್ರ’ ಅಂತ ತಿರುಗುವ ಎಷ್ಟೋ ಪಟಗಳು ಅವರ ಕುಂಚದಿಂದ ಬಂದವಲ್ಲ. ಕೆಲವು ತಮ್ಮನವು, ಕೆಲವು ಪ್ರೆಸ್ಸಿನ ನೌಕರರವು, ಕೆಲವು ಬೇರೆ ಮುದ್ರಣಾಲಯಗಳು ನಕಲು ಮಾಡಿದವು.

ಹಕ್ಕುಸ್ವಾಮ್ಯದ ತಡೆಯೂ ಇಲ್ಲ. ನಮ್ಮ ಕಾನೂನಿನ ಪ್ರಕಾರ ಕಲಾವಿದ ತೀರಿಕೊಂಡು 60 ವರ್ಷ ಆದ ಮೇಲೆ ಕೃತಿ ಎಲ್ಲರದು. ಈ ಅಣ್ಣತಮ್ಮಂದಿರ ಚಿತ್ರಗಳನ್ನು ಯಾರು ಬೇಕಾದರೂ ಹಾಕಬಹುದು, ಅಚ್ಚು ಮಾಡಬಹುದು. ಹಾಗಾಗಿ ಸರಿಯಾದ ಮಾಹಿತಿ ಇರುವ ಒಂದು ಮನೆ ಇಂಟರ್ನೆಟ್ಟಿನಲ್ಲಿ ಇರಲೇಬೇಕು. ತಪ್ಪನ್ನು ತಡೆಯಲು ಆಗದಿದ್ದರೂ ಸರಿ ಯಾವುದು ಅಂತ ನೋಡಲು ಒಂದು ಜಾಗ ಬೇಕು.

ಬೆಂಗಳೂರಿನ ಕೊಂಡಿ

ಆ ಜಾಗ ಸಿದ್ಧವಾಗಿದ್ದು ನಮ್ಮ ಊರಲ್ಲಿ. ಅದಕ್ಕೆ ಕಾರಣ ತಿಳಿಯಬೇಕಾದರೆ ಒಂದು ಚಿತ್ರ ನೋಡಬೇಕು.

‘ಅಗೋ ಅಪ್ಪ ಬಂದ’ ಎನ್ನುವ ಅರ್ಥದ ಹೆಸರಿರುವ 1893ರ ತೈಲಚಿತ್ರ ಅದು. ಬಿಳಿ ಮುಂಡು ಉಟ್ಟ ತಾಯಿ ಕಂಕುಳಲ್ಲಿ ಮಗು ಎತ್ತಿಕೊಂಡು ನಿಂತಿದ್ದಾಳೆ. ಒಂದು ಕೈ ಚಾಚಿ ಪಕ್ಕಕ್ಕೆ ತೋರಿಸುತ್ತಿದ್ದಾಳೆ. ಕಾಲ ಬಳಿ ನಾಯಿ. ಬರುತ್ತಿರುವ ಅಪ್ಪ ಚಿತ್ರದಲ್ಲಿ ಇಲ್ಲ. ತಾಯಿಮನೆಯಲ್ಲೇ ಮಕ್ಕಳು ಬೆಳೆಯುತ್ತಿದ್ದ ಕಾಲಕ್ಕೆ, ಅಪ್ಪ ಬಂದುಹೋಗುವ ನೆಂಟನಂತಿದ್ದ ಕಾಲಕ್ಕೆ, ಈ ಚಿತ್ರ ಎಷ್ಟು ಸರಿಯಾಗಿ ಹೊಂದುತ್ತದೆ! ಆ ತಾಯಿ ರವಿವರ್ಮರ ಹಿರಿಯ ಮಗಳು ಮಹಾಪ್ರಭಾ.

ಮಹಾಪ್ರಭಾ ಅವರ ಮಗಳು ಸೇತುಲಕ್ಷ್ಮೀಬಾಯಿ. ಹುಟ್ಟಿದ್ದು 1895ರಲ್ಲಿ. ಮಗುವಾಗಿದ್ದಾಗಲೇ ತಿರುವಾಂಕೂರು ರಾಜಮನೆತನಕ್ಕೆ ದತ್ತು ಹೋದರು, ಮುಂದೆ ಆ ರಾಜ್ಯವನ್ನು ಆಳಿದರು. ಆಳ್ವಿಕೆಯ ಕಾಲ ಮುಗಿದ ಮೇಲೆ ಅವರು ಬಂದು ನೆಲೆಸಿದ್ದು ಬೆಂಗಳೂರಿನಲ್ಲಿ. 1985ರಲ್ಲಿ ತೀರಿಕೊಳ್ಳುವವರೆಗೂ ಇಲ್ಲೇ ಇದ್ದರು. ಅವರ ಮೊಮ್ಮಗಳು ರುಕ್ಮಿಣಿ ವರ್ಮ ಚಿತ್ರ ಕಲಾವಿದೆ. ರುಕ್ಮಿಣಿಯವರ ಮಗ ಜಯ್ ವರ್ಮ ಕೂಡ ಕಲಾವಿದರು. ಹೆಣ್ಣಿನ ಕಡೆಯಿಂದ ಸಾಗಿದ ವಂಶ ಹೆಣ್ಣಿನ ಕಡೆಯಿಂದಲೇ ಕುಂಚವನ್ನೂ ಇಲ್ಲಿಗೆ ತಲುಪಿಸಿತು. ಮಾವೇಲಿಕ್ಕರದಲ್ಲಿ ರವಿವರ್ಮರ ಮಗ ರಾಮವರ್ಮ ಕಟ್ಟಿದ ಕಲಾಶಾಲೆ ಇಂದು ರವಿವರ್ಮರ ಹೆಸರಿನ ಕಾಲೇಜಾಗಿದೆ, ಅದು ಇನ್ನೊಂದು ಕವಲು.

2015ರಲ್ಲಿ ಬೆಂಗಳೂರಿನಲ್ಲಿ ರಾಜಾ ರವಿವರ್ಮ ಹೆರಿಟೇಜ್ ಫೌಂಡೇಶನ್ ಶುರುವಾಯಿತು. ರುಕ್ಮಿಣಿ ವರ್ಮ ಅದರ ಜೊತೆಗಿದ್ದವರು. ನಕಲು ಚಿತ್ರಗಳ ಹಾವಳಿ ಇರುವ ಕಡೆ ಅಸಲನ್ನು ಗುರುತಿಸುವುದು, ಕೆಟ್ಟ ಚಿತ್ರಗಳನ್ನು ಸರಿಪಡಿಸುವುದು, ಮುದ್ರಿತ ಪಟಗಳನ್ನು ಜನರಿಗೆ ತೋರಿಸುವುದು ಇದರ ಕೆಲಸ. ಗೂಗಲ್ ಆರ್ಟ್ಸ್ ಅಂಡ್ ಕಲ್ಚರ್‌ನಲ್ಲಿ ಈ ಸಂಸ್ಥೆಯ ಪುಟ ಇದೆ. ರವಿವರ್ಮ ಪ್ರೆಸ್ಸಿನ ಪಟಗಳನ್ನು ಅಲ್ಲಿ ದೊಡ್ಡದು ಮಾಡಿ ನೋಡಬಹುದು.

ಈ ದೊಡ್ಡದು ಮಾಡುವ ಸೌಲಭ್ಯ ಸುಮ್ನೆ ಮೋಜಿಗೆ ಇರುವುದಲ್ಲ. ಎರಡು ಬೆರಳಿನಿಂದ ಹಿಗ್ಗಿಸಿ ನೋಡಿ. ಮುದ್ರಿತ ಪಟವಾದರೆ ಲಕ್ಷ್ಮಿಯ ಕೆನ್ನೆ ಸಾವಿರಾರು ಚುಕ್ಕೆಗಳಾಗಿ ಒಡೆಯುತ್ತದೆ. ಕೆಂಪು, ಹಳದಿ, ನಸುಗಂದು, ಒಂದರ ಪಕ್ಕ ಒಂದು. ಕಲ್ಲಿನ ಮೇಲೆ ಕೂತು ಆ ಚುಕ್ಕೆ ಇಟ್ಟವರ ತಾಳ್ಮೆ ಅಲ್ಲಿ ಕಾಣುತ್ತದೆ. ತೈಲಚಿತ್ರವಾದರೆ ಚುಕ್ಕೆ ಇರುವುದಿಲ್ಲ, ಕುಂಚ ಎಳೆದ ಜಾಡು ಇರುತ್ತದೆ, ಬಣ್ಣ ಬಿರಿದ ಸೀಳು ಇರುತ್ತದೆ. ಗೋಡೆ ಮೇಲಿನ ಪಟವನ್ನು ಗಾಜಿನ ಹಿಂದಿನಿಂದ ವರ್ಷಗಟ್ಟಲೆ ನೋಡಿದವರಿಗೂ ಗೊತ್ತಾಗದ ವ್ಯತ್ಯಾಸ ಇಲ್ಲಿ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ.

ಇನ್ನೊಂದು ಲಾಭವೂ ಇದೆ. 1979ರಲ್ಲಿ ರವಿವರ್ಮರ ಕೃತಿಗಳನ್ನು ಸರ್ಕಾರ ರಾಷ್ಟ್ರೀಯ ಕಲಾಸಂಪತ್ತು ಎಂದು ಘೋಷಿಸಿತು. ಮೂಲ ಕೃತಿಯನ್ನು ಮಾರಿ ದೇಶದ ಹೊರಗೆ ಒಯ್ಯುವ ಹಾಗಿಲ್ಲ. ಇದು ಒಳ್ಳೆಯ ಕಾನೂನೇ. ಅಮೆರಿಕದಲ್ಲೋ ಜರ್ಮನಿಯಲ್ಲೋ ಇರುವ ಕನ್ನಡದ ಮಗುವಿಗೆ ಅಜ್ಜಿಮನೆಯ ದೇವರಕೋಣೆಯ ಲಕ್ಷ್ಮಿಯ ಕತೆ ಹೇಳಬೇಕಾದರೆ ಪರದೆಯೇ ದಾರಿ.

ಪರದೆಗೆ ಆಗದ್ದು

ಮೈಸೂರಿನ ಜಗನ್ಮೋಹನ ಅರಮನೆಯ ಗ್ಯಾಲರಿಯಲ್ಲಿ ಹನ್ನೊಂದು ಮಂದಿ ಹೆಂಗಸರು ವಾದ್ಯಗಳನ್ನು ಹಿಡಿದು ಒಟ್ಟಿಗೆ ಸೇರಿರುವ ರವಿವರ್ಮರ ಚಿತ್ರವೊಂದಿದೆ. ದೇಶದ ಬೇರೆಬೇರೆ ಕಡೆಯವರು, ಒಬ್ಬೊಬ್ಬರ ಉಡುಪು ಒಂದೊಂದು ಬಗೆ. ಫೋನಿನಲ್ಲಿ ಅದು ಬೆರಳಗಲದ ಚೌಕ. ಪಕ್ಕದಲ್ಲೇ ಅಂಗೈ ಅಳತೆಯ ಲೇಬಲ್ಲೊಂದು ಅಷ್ಟೇ ದೊಡ್ಡದಾಗಿ ಕೂತಿರುತ್ತದೆ. ಗ್ಯಾಲರಿಯಲ್ಲಿ ಅದರ ಮುಂದೆ ನಿಂತಾಗ ಆ ಹೆಂಗಸರ ಕಣ್ಣುಗಳು ನಮ್ಮನ್ನು ನಿಲ್ಲಿಸಿ ನೋಡುತ್ತವೆ. ಬಣ್ಣವೂ ಹಾಗೇ. ಹಳೆಯ ವಾರ್ನಿಷ್ ಕಂದಿ ಕೊಟ್ಟ ಹೊಂಬಣ್ಣವನ್ನು ಪರದೆ ತನ್ನ ಬೆಳಕಿನಿಂದ ತೊಳೆದುಬಿಡುತ್ತದೆ. ಮೈಸೂರು ದೂರವಿಲ್ಲದವರು ಪರದೆಯನ್ನು ನೆಚ್ಚಿ ಕೂರಬೇಡಿ, ಹೋಗಿ ನೋಡಿ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಬರೆಸಿದ ಪೌರಾಣಿಕ ಚಿತ್ರಗಳು ರವಿವರ್ಮರ ಕೊನೆಯ ವರ್ಷಗಳ ಕೆಲಸ.

ನನ್ನ ದೊಡ್ಡ ದೂರು ಅಳತೆ, ಬಣ್ಣದ ಬಗ್ಗೆ ಇಲ್ಲ. ಹುಡುಕುವ ಪೆಟ್ಟಿಗೆ ಹೆಸರನ್ನು ಕೇಳುತ್ತದೆ. ಹೆಸರಿದ್ದವರು ಮಾತ್ರ ಸಿಗುತ್ತಾರೆ. ಮಂಗಳಾಬಾಯಿ ಎಂಬ ಹೆಸರಿನ ಜೊತೆ ಚಿತ್ರ ಸೇರಿಲ್ಲದಿದ್ದರೆ ಎಷ್ಟು ಹುಡುಕಿದರೂ ಅವರು ಸಿಗುವುದಿಲ್ಲ. ಭೌತಿಕ ಗ್ಯಾಲರಿಯಲ್ಲಿ ಅಣ್ಣನ ಚಿತ್ರ ನೋಡಲು ಹೋದವರು ಪಕ್ಕದ ಗೋಡೆಯಲ್ಲಿ ತಂಗಿಯ ಚಿತ್ರವನ್ನೂ ನೋಡುತ್ತಾರೆ. ಆನ್‌ಲೈನಿನಲ್ಲಿ ಆ ಪಕ್ಕದ ಗೋಡೆಯನ್ನು ಯಾರಾದರೂ ಬೇಕೆಂದೇ ಕಟ್ಟಬೇಕು.

ಪುಟದಲ್ಲಿ ಏನಿರಬೇಕು

ಕಲೆಯ ಮನೆತನವೊಂದು ತನ್ನ ಕೆಲಸವನ್ನು ಆನ್‌ಲೈನ್ ಗ್ಯಾಲರಿಗೆ ಹಾಕುವಾಗ ಚಿತ್ರದ ಹೆಸರು, ಕಲಾವಿದರ ಹೆಸರು, ವರ್ಷ ಹಾಕಿದರೆ ಮುಗಿಯಿತು ಅಂದುಕೊಳ್ಳುತ್ತಾರೆ. ಕಿಳಿಮಾನೂರಿನ ಪ್ರಕರಣ ನೋಡಿದರೆ ಅಷ್ಟು ಸಾಲದು. ಚಿತ್ರವನ್ನು ಅಂಚು ಸಮೇತ ಹಾಕಬೇಕು, ಹರಿದಿದ್ದರೂ ಕೊಳೆಯಾಗಿದ್ದರೂ ಸರಿ. ಹಿಂಬದಿಯ ಫೋಟೋ ಬೇಕು, ಕಟ್ಟು ಹಾಕಿದ ಅಂಗಡಿಯ ಚೀಟಿಯೂ ಒಂದು ಸುಳಿವೇ. ಮೂಲವೋ, ಮುದ್ರಿತವೋ, ಮುದ್ರಿತವಾದರೆ ಯಾವ ಊರಿನ ಪ್ರೆಸ್ಸಿನದು ಎಂದು ಬರೆಯಬೇಕು. ಅಳತೆಯನ್ನು ಅಂಕಿಯಲ್ಲಿ ಹಾಕುವುದರ ಜೊತೆಗೆ ಪಕ್ಕದಲ್ಲಿ ಒಬ್ಬ ಮನುಷ್ಯನ ಆಕಾರ ತೋರಿಸಿದರೆ ಇನ್ನೂ ಒಳ್ಳೆಯದು.

ಇವೆಲ್ಲಕ್ಕಿಂತ ಮುಖ್ಯ, ಕೈಗಳು. ಮುಖ ಯಾರದು, ಹಿನ್ನೆಲೆ ಯಾರದು, ಕಲ್ಲಿಗೆ ಇಳಿಸಿದವರು ಯಾರು. ಗೊತ್ತಿದ್ದರೆ ಹೆಸರು, ಗೊತ್ತಿಲ್ಲದಿದ್ದರೆ ‘ಹೆಸರು ತಿಳಿದಿಲ್ಲದ ಕಲ್ಲಚ್ಚಿನ ಕಲಾವಿದ’ ಅಂತಾದರೂ ಒಂದು ಸಾಲು. ಆ ಸಾಲು ಇದ್ದರೆ ಮುಂದೊಂದು ದಿನ ಯಾರೋ ಅದನ್ನು ತುಂಬಬಹುದು. ಸಾಲೇ ಇಲ್ಲದಿದ್ದರೆ ಅಲ್ಲಿ ಒಬ್ಬರು ಇದ್ದರು ಅನ್ನುವುದೇ ಯಾರಿಗೂ ಹೊಳೆಯುವುದಿಲ್ಲ.

ನಮ್ಮ ಸುತ್ತಮುತ್ತ ಇದು ಈಗಲೇ ಬೇಕಾದ ಕೆಲಸ. ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಚಿತ್ರಗಾರ ಮನೆತನಗಳು ಹಗುರ ಮರದಲ್ಲಿ ದೇವರ ಮೂರ್ತಿ, ಗೊಂಬೆ ಮಾಡುತ್ತವೆ. ಹುಣಸೆ ಬೀಜದ ಅಂಟು, ಅದರ ಮೇಲೆ ಬಣ್ಣ. ಕಿನ್ನಾಳದ ಕಲೆಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ. ಅದು ಇಡೀ ಮನೆಮಂದಿ ಸೇರಿ ಮಾಡುವ ಕೆಲಸ. ಬಿದರಿ ಕೆಲಸದಲ್ಲೂ ಎರಕ ಹೊಯ್ಯುವವರು, ಕೊರೆಯುವವರು, ಬೆಳ್ಳಿ ಕೂರಿಸುವವರು ಬೇರೆಬೇರೆ ಇರಬಹುದು. ಇಂಥ ಮನೆಯ ಮಗನೋ ಮಗಳೋ ಇನ್‌ಸ್ಟಾಗ್ರಾಂನಲ್ಲಿ ಪುಟ ತೆರೆದಾಗ ಒಂದೇ ಹೆಸರು ಹಾಕುವುದು ಸುಲಭ. ಫೋನ್ ಯಾರ ಕೈಯಲ್ಲಿದೆಯೋ ಅವರ ಹೆಸರು, ಇಲ್ಲವಾದರೆ ಪ್ರಶಸ್ತಿ ಬಂದ ಹಿರಿಯರ ಹೆಸರು. ಅಂಟು ಕಾಯಿಸಿ ತಳ ಹದ ಮಾಡುವ ಅಮ್ಮನ ಹೆಸರು ಬರೆಯಲು ಇನ್ನೊಂದು ಸಾಲು ಸಾಕು. ಕೇಳಿದರೆ ಹೇಳುವವರು ಇನ್ನೂ ಮನೆಯಲ್ಲೇ ಇದ್ದಾರೆ. ಕಿಳಿಮಾನೂರಿನ ಅನುಕೂಲ ಏನೆಂದರೆ ಅಲ್ಲಿ ತಮ್ಮ ದಿನಚರಿ ಬರೆದಿಟ್ಟರು. ಎಲ್ಲ ಮನೆಯಲ್ಲೂ ದಿನಚರಿ ಬರೆಯುವ ತಮ್ಮ ಇರುವುದಿಲ್ಲ.

ಆ ದಿನಚರಿಯನ್ನೇ ಹಿಡಿದು ಮಾಡಬಹುದಾದ ಕೆಲಸವೂ ಬಾಕಿ ಇದೆ. ಅದರಲ್ಲಿರುವ ಒಂದೊಂದು ತಾರೀಖನ್ನೂ ಆಯಾ ಚಿತ್ರದ ಪುಟಕ್ಕೆ ಜೋಡಿಸಿದರೆ, ಯಾವ ವಾರ ಯಾವ ಊರಿನಲ್ಲಿ ಅಣ್ಣತಮ್ಮಂದಿರು ಯಾವ ಕ್ಯಾನ್ವಾಸಿನ ಮುಂದೆ ಇದ್ದರು ಅಂತ ಓದುಗರಿಗೆ ಚಿತ್ರದ ಪಕ್ಕದಲ್ಲೇ ಸಿಗುತ್ತದೆ. ಬೇಕಾದ ಎರಡೂ ನಮ್ಮ ಕೈಯಲ್ಲಿವೆ, ಅಚ್ಚಾದ ದಿನಚರಿ ಒಂದು ಕಡೆ, ಪರದೆ ಮೇಲಿನ ಚಿತ್ರಗಳು ಇನ್ನೊಂದು ಕಡೆ. ಶುರು ಮಾಡಲು 1895ರಿಂದ 1904ರವರೆಗಿನ ಚಿತ್ರಗಳೇ ಸಾಕು. ಮೈಸೂರಿನ ಚಿತ್ರಗಳಲ್ಲಿ ಆ ಕಾಲಕ್ಕೆ ಸೇರಿದವು ಇದ್ದರೆ ಮೊದಲು ಅವು ಆಗಲಿ. ಮೈಸೂರು ನಮ್ಮ ನಾಡಲ್ಲೇ ಇದೆ, ಹೋಗಿ ಸಹಿ, ಹಿನ್ನೆಲೆ ಎಲ್ಲವನ್ನೂ ಕಣ್ಣಾರೆ ತಾಳೆ ನೋಡಬಹುದು.